ಒಂದು ನಮೂನೆಯ ತಪ್ಪು ಗುರುತು

ಅಮೆರಿಕದಲ್ಲಿ ವಿಮಾನವನ್ನೇರಲು ಹೊರಟವನ ಬೋರ್ಡಿಂಗ್ ಪಾಸಿನ ಮೇಲೆ ‘ಎಸ್’ ಎಂಬ ಅಕ್ಷರವು ನಾಲ್ಕು ಬಾರಿ ಮುದ್ರಿತವಾಗಿದ್ದರೆ, ಅವನನ್ನು ಸಾಲಿನಿಂದ ಬೇರ್ಪಡಿಸಿ, ಮೈ ತಡವಿ, ಚೀಲದೊಳಗಿನ ವಸ್ತುಗಳನ್ನು ಒಂದೊಂದಾಗಿ ಹೊರತೆಗೆದು ಪರೀಕ್ಷಿಸುವರು. ಕಾರಣವನ್ನು ಮಾತ್ರ ಹೇಳರು. ಇದಕ್ಕಿಂತಲೂ ಕಠೋರವಾದ ಪಟ್ಟಿಯೊಂದುಂಟು; ಅದರಲ್ಲಿ ಹೆಸರಿರುವವನಿಗೆ ವಿಮಾನವೇ ನಿಷಿದ್ಧ. ಹೆಸರಿನ ಸಾಮ್ಯಮಾತ್ರದಿಂದ ತಮ್ಮನ್ನೂ ಪದೇ ಪದೇ ತಡೆದರೆಂದು ಸೆನೆಟರ್ ಎಡ್ವರ್ಡ್ ಕೆನಡಿಯವರೇ 2004ರಲ್ಲಿ ಸೆನೆಟ್ ಸಮಿತಿಯೆದುರು ಹೇಳಿಕೊಂಡರು. ಅವರಿಗೇನೋ ಮಂತ್ರಿಗಳೊಡನೆ ಮಾತನಾಡುವ ಅನುಕೂಲವಿತ್ತು!

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಮಲೇಶಿಯಾದ ಮಹಿಳೆಯೊಬ್ಬಳಿಗೆ ಅದೂ ಇರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತ, ಗಾಲಿಕುರ್ಚಿಯನ್ನಾಶ್ರಯಿಸಿ, 2005ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಮಗಳೊಡನೆ ಬಂದ ಆಕೆಗೆ ಕೈಕೋಳ ತೊಡಿಸಿ, ಸುಮಾರು ಎರಡು ಗಂಟೆಗಳ ಕಾಲ ಬಂಧನದಲ್ಲಿಟ್ಟರು. ಮರುದಿನ ಸ್ವದೇಶಕ್ಕೆ ಹೋಗಬಿಟ್ಟರಾದರೂ, ಮುಂದೆ ಆಕೆಯ ವೀಸಾ ರದ್ದಾಯಿತು. ನಡೆದುದಿಷ್ಟೇ: ಯಾವ ಪಟ್ಟಿಗಳಿಗೆ ಸೇರಿಸಬಾರದೆಂಬುದನ್ನು ಗುರುತುಮಾಡಬೇಕಾದ ನಮೂನೆಯನ್ನು ಎಫ್‌ಬಿಐ ಅಧಿಕಾರಿಯೊಬ್ಬನು ತಲೆಕೆಳಗಾಗಿ ಅರ್ಥಮಾಡಿಕೊಂಡು ತುಂಬಿದ್ದನು. ಈ ಸಣ್ಣ ಪ್ರಮಾದವನ್ನು ಒಪ್ಪಿಕೊಳ್ಳುವ ಬದಲು ಸರ್ಕಾರವು ಆಕೆ ಹೂಡಿದ ದಾವೆಯಲ್ಲಿ ರಾಷ್ಟ್ರರಹಸ್ಯದ ಹೆಸರಿನಲ್ಲಿ ವರ್ಷಗಟ್ಟಲೆ ವಾದಿಸಿತೆಂಬುದೇ ನನಗೆ ಮೂಲದೋಷಕ್ಕಿಂತ ಹೇಯವಾಗಿ ತೋರುತ್ತದೆ.

2014ರಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ಆಕೆಯ ಪರವಾಗಿ ತೀರ್ಪಿತ್ತರು. ಆ ವಿಚಾರಣೆಗೆ ಹಾಜರಾಗಲು ಆಕೆಗೆ ಅಮೆರಿಕದೊಳಕ್ಕೆ ಪ್ರವೇಶ ದೊರೆತಿರಲಿಲ್ಲ.