ಬೆಟ್ಟ ಅಗೆದು ಇಲಿ ಹಿಡಿದವರು

ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಾವು ಗೇಲಿ ಮಾಡುತ್ತೇವಲ್ಲ, ಆ ಕೆಲಸವನ್ನೇ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಕೆಲವು ಪಳೆಯುಳಿಕೆ ತಜ್ಞರು ದಶಕಗಟ್ಟಲೆ ಶ್ರದ್ಧೆಯಿಂದ ಮಾಡಿದ್ದಾರೆ. ಅಲ್ಲಿನ ಶಿವಾಲಿಕ್ ಪದರಗಳ ಮಣ್ಣನ್ನು ಚೀಲಗಳಲ್ಲಿ ತುಂಬಿ ತಂದು, ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಹರವಿ ಆರಿಸುತ್ತಾರೆ. ಕೈಗೆ ಸಿಗುವುದು ಇಡೀ ಇಲಿಯಲ್ಲ, ರಾಗಿಕಾಳಿನಷ್ಟು ದವಡೆಹಲ್ಲು.

ಅಷ್ಟೇ ಸಾಕು. ಎಲುಬು ಪುಡಿಯಾದರೂ ಎನಾಮಲ್ ಉಳಿಯುತ್ತದೆ. ಇಲಿಗೆ ಇರುವುದೇ 16 ಹಲ್ಲು. ಮುಂದಿನ ನಾಲ್ಕು ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತವೆ, ಮೇಲುನೋಟಕ್ಕೆ ಎಲ್ಲ ದಂಶಕಗಳಲ್ಲೂ ಒಂದೇ ಥರ. ಜಾತಕ ಇರುವುದು ಹಿಂದಿನ ಹನ್ನೆರಡರಲ್ಲಿ. ಅವುಗಳ ಮೇಲಿನ ಗುಬುಟುಗಳು ಎಷ್ಟು, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದರಿಂದ ಕುಲ ಗೊತ್ತಾಗುತ್ತದೆ.

ಮನೆಯ ಚಿಟ್ಟಿಲಿಯ ಮೇಲ್ದವಡೆಯ ಹಲ್ಲಿನಲ್ಲಿ ಉದ್ದಕ್ಕೆ ಮೂರು ಸಾಲು ಗುಬುಟು. ಅವು ಅಡ್ಡಕ್ಕೆ ಕೂಡಿಕೊಂಡು ಬಾಗಿದ ಏಣುಗಳಾಗಿವೆ. ಅದರ ಪೂರ್ವಜರಿಗೆ ಎರಡೇ ಸಾಲು. 1977ರಲ್ಲಿ ಆ ತಜ್ಞರಲ್ಲೊಬ್ಬರಾದ ಲೂಯಿಸ್ ಜೇಕಬ್ಸ್ ಚಿಂಜಿ ಎಂಬ ಊರಿನ ಹೆಸರಿಟ್ಟು ವರ್ಣಿಸಿದ 'ಆಂಟಿಮಸ್ ಚಿಂಜಿಯೆನ್ಸಿಸ್' ಈ ಎರಡರ ನಡುವೆ ನಿಲ್ಲುತ್ತದೆ. ಸುಮಾರು 1.4 ಕೋಟಿ ವರ್ಷ ಹಿಂದಿನ ಆ ಹಲ್ಲಿನ ಒಳಮಗ್ಗುಲಲ್ಲಿ ಹೊಸ ಗುಬುಟುಗಳು ಮೂಡಿವೆ, ಆದರೆ ನೆರೆಯವರೊಂದಿಗೆ ಇನ್ನೂ ಬೆಸೆದುಕೊಂಡಿಲ್ಲ. ಮೇಲಿನ ಪದರಗಳಿಗೆ, ಅಂದರೆ ಸುಮಾರು 1.2 ಕೋಟಿ ವರ್ಷದ ಈಚೆಗೆ ಬನ್ನಿ: 'ಪ್ರೊಗೊನೊಮಿಸ್' ಹಲ್ಲುಗಳಲ್ಲಿ ಬೆಸುಗೆ ಬಿದ್ದಿದೆ. ಓರೆಯಾಗಿ ಅಗಿಯುತ್ತಿದ್ದ ದವಡೆ ಹಿಂದಿನಿಂದ ಮುಂದಕ್ಕೆ ಉಜ್ಜತೊಡಗಿದ್ದರ ಗುರುತು ಅದು. ಹೀಗೆ ಪದರದ ಮೇಲೆ ಪದರವಾಗಿ ವಿಕಾಸ ಕಣ್ಣಿಗೆ ಕಾಣುವ ಜಾಗಗಳು ಅಪರೂಪ.

ಇನ್ನು ತಕರಾರಿನ ವಿಷಯ. ಅಲ್ಲೇ ಸಿಕ್ಕ 'ಕರ್ನಿಮಾಟ' ಎಂಬ ಇನ್ನೊಂದು ಇಲಿಯನ್ನು ದೊಡ್ಡ ಇಲಿಗಳ, ಅಂದರೆ 'ರ್‍ಯಾಟಸ್' ಕುಲದ ಕಡೆಯದೆಂದು ಜೇಕಬ್ಸ್ ಮತ್ತಿತರರು ಎಣಿಸಿ, ಚಿಟ್ಟಿಲಿಯೂ ದೊಡ್ಡ ಇಲಿಯೂ ಕವಲೊಡೆದದ್ದು 1.2 ಕೋಟಿ ವರ್ಷದ ಹಿಂದೆ ಎಂದು ಲೆಕ್ಕ ಹಾಕಿದ್ದರು. (ಕನ್ನಡದಲ್ಲಿ ಎರಡನ್ನೂ ಇಲಿ ಎಂದುಬಿಡುತ್ತೇವೆ, ಆದರೆ ಮನುಷ್ಯ, ಚಿಂಪಾಂಜಿಗಳು ಬೇರೆಯಾದದ್ದು ಇವಕ್ಕಿಂತ ಎಷ್ಟೋ ಈಚೆಗೆ.) ಎರಡೂ ಪ್ರಯೋಗಾಲಯದ ಪ್ರಾಣಿಗಳಲ್ಲವೇ, ಡಿಎನ್‌ಎ ಬದಲಾವಣೆಗಳಿಂದ ಕಾಲ ಎಣಿಸುವ ಗಡಿಯಾರಕ್ಕೆ ಕೀಲಿ ಕೊಡಲು ಬಹಳ ಮಂದಿ ಆ ಅಂಕಿಯನ್ನೇ ಬಳಸಿದರು. 2015ರಲ್ಲಿ ಯೂರಿ ಕಿಮುರಾ ಮತ್ತು ಸಂಗಡಿಗರು ಹಲ್ಲುಗಳನ್ನು ಮತ್ತೆ ಅಳೆದು ನೋಡಿದರೆ, ಕರ್ನಿಮಾಟ ಆಫ್ರಿಕಾದ ಹುಲ್ಲಿಲಿಗಳ ಬಳಗಕ್ಕೆ ಸೇರಬೇಕಿತ್ತು. ಕವಲಿನ ಕಾಲ ಸುಮಾರು 1.11 ಕೋಟಿ ವರ್ಷವಾಯಿತು, ಆ ಕವಲು ಚಿಟ್ಟಿಲಿಗೂ ಹುಲ್ಲಿಲಿಗೂ ಸೇರಿದ್ದಾಯಿತು. ದೊಡ್ಡ ಇಲಿ ಅದಕ್ಕೂ ಮೊದಲೇ ಬೇರೆಯಾಗಿತ್ತು.

ಹಾಗೆ ತಿದ್ದಿದವರ ಪಟ್ಟಿಯಲ್ಲಿ ಜೇಕಬ್ಸ್ ಹೆಸರೂ ಇದೆ.