ಈಸ್ಟ್ ಬೆಂಗಾಲ್ ಅಭಿಮಾನಿಗಳ ಅಳಲು

ಕಲ್ಕತ್ತೆಯ ಮೀನು ಪೇಟೆಗೂ ಫುಟ್‌ಬಾಲ್ ಆಟಕ್ಕೂ ಇರುವ ನಂಟು ಬಹು ಹಳೆಯದು. ಈಸ್ಟ್ ಬೆಂಗಾಲ್ ತಂಡವು ತನ್ನ ಪರಂಪರಾಗತ ಎದುರಾಳಿಯಾದ ಮೋಹನ್ ಬಾಗಾನ್ ತಂಡವನ್ನು ಸೋಲಿಸಿದ ದಿನ ಇಲಿಶ್ ಮೀನಿಗೆ ಬೆಲೆ ಏರುವುದು. ಮೋಹನ್ ಬಾಗಾನ್ ಗೆದ್ದ ದಿನ ಸೀಗಡಿಗೆ ಗಿರಾಕಿ ಹೆಚ್ಚುವುದು. ಇಲಿಶ್ ಪದ್ಮಾ ನದಿಯ ಆಚೆಯಿಂದ ಬಂದ ಪೂರ್ವ ಬಂಗಾಳದವರ ಹೆಮ್ಮೆ. ಸೀಗಡಿ ಪಶ್ಚಿಮ ಬಂಗಾಳದ ಮೂಲ ನಿವಾಸಿಗಳದು. ಮೈದಾನದಲ್ಲಿ ಇಪ್ಪತ್ತೆರಡು ಮಂದಿ ಆಡುವ ಆಟವು ಹೀಗೆ ಮನೆಮನೆಯ ಒಲೆಯವರೆಗೂ ಬಂದು ಮುಟ್ಟುವ ಊರುಗಳು ನಮ್ಮ ದೇಶದಲ್ಲಿ ವಿರಳ.

ಆದರೆ 2019ರ ಜನವರಿಯಿಂದ 2023ರ ಆಗಸ್ಟ್‌ವರೆಗೆ, ಅಂದರೆ ನಾಲ್ಕೂವರೆ ವರ್ಷಗಳ ಕಾಲ, ಇಲಿಶ್ ಪಕ್ಷದವರ ಮನೆಗಳಲ್ಲಿ ಅಂತಹ ಸಂಭ್ರಮದ ದಿನ ಒಂದೂ ಬರಲಿಲ್ಲ. ಅಷ್ಟು ದೀರ್ಘಕಾಲ ಈಸ್ಟ್ ಬೆಂಗಾಲ್ ತನ್ನ ಎದುರಾಳಿಯನ್ನು ಒಮ್ಮೆಯಾದರೂ ಸೋಲಿಸಲಾರದೆ ಹೋಯಿತು. ಆಟದಲ್ಲಿ ಸೋಲು ಗೆಲುವು ಸಹಜವಷ್ಟೆ. ಸೋತ ತಂಡದ ಜೊತೆಗೆ ಮಳೆಯಲ್ಲಿ ನೆನೆಯುತ್ತ ಮನೆಗೆ ಮರಳುವುದು ಅಭಿಮಾನಿಗೆ ಹೊಸದಲ್ಲ. ಈ ಅಭಿಮಾನಿಗಳ ಮನಸ್ಸನ್ನು ಮುರಿದುದು ಸೋಲಿಗಿಂತ ಬೇರೆಯಾದ ಒಂದು ನೋವು. ಅದನ್ನು ಅರಿಯಬೇಕಾದರೆ ಆ ಕ್ಲಬ್ಬು ಯಾರದು ಎಂಬುದನ್ನು ಮೊದಲು ತಿಳಿಯಬೇಕು.

ನೆಲೆ ತಪ್ಪಿದವರ ನೆಲೆ

ಈಸ್ಟ್ ಬೆಂಗಾಲ್ ಕ್ಲಬ್ಬು ಸ್ಥಾಪನೆಯಾದುದು 1920ರ ಆಗಸ್ಟ್ 1ರಂದು. ಪೂರ್ವ ಬಂಗಾಳದ ಆಟಗಾರನೊಬ್ಬನನ್ನು ತಂಡದಿಂದ ಹೊರಗಿಟ್ಟರೆಂಬ ಅಸಮಾಧಾನವೇ ಅದರ ಹುಟ್ಟಿಗೆ ಕಾರಣವಾಯಿತು. ಆಗ ಅದು ಕಲ್ಕತ್ತೆಯಲ್ಲಿದ್ದ ಪೂರ್ವ ಬಂಗಾಳಿಗಳ ಆತ್ಮಗೌರವದ ಒಂದು ಚಿಹ್ನೆ ಮಾತ್ರವಾಗಿತ್ತು. 1947ರಲ್ಲಿ ದೇಶ ವಿಭಜನೆಯಾದಾಗ ಅದರ ಅರ್ಥವೇ ಬದಲಾಯಿತು. ಮನೆ ಮಾರುಗಳನ್ನು ಬಿಟ್ಟು ಲಕ್ಷಗಟ್ಟಲೆ ಜನರು ಗಡಿ ದಾಟಿ ಬಂದರು. ಸಿಯಾಲ್ದಾ ರೈಲು ನಿಲ್ದಾಣದ ಕಟ್ಟೆಗಳ ಮೇಲೆ ಸಂಸಾರಗಳು ದಿನ ಕಳೆದವು. ಜಾದವಪುರದ ಸುತ್ತಮುತ್ತ ಬಿಜಯಗಡದಂತಹ ನಿರಾಶ್ರಿತರ ಕಾಲೋನಿಗಳು ಎದ್ದುವು. ಊರು ಹೋಯಿತು, ಹೊಲ ಹೋಯಿತು, ಊರಿನ ಹೆಸರೂ ಬೇರೊಂದು ದೇಶದ ಭೂಪಟಕ್ಕೆ ಸೇರಿತು. ಆ ಹೆಸರು ಉಳಿದುದು ಒಂದು ಫುಟ್‌ಬಾಲ್ ಕ್ಲಬ್ಬಿನ ಫಲಕದ ಮೇಲೆ. ಕೆಂಪು ಮತ್ತು ಹೊನ್ನಿನ ಬಣ್ಣದ ಅದರ ಧ್ವಜದ ಕೆಳಗೆ ನಿಂತು ಕೂಗುವಾಗ ನಿರಾಶ್ರಿತನಾದವನಿಗೆ ತಾನೂ ಈ ನಗರದಲ್ಲಿ ಒಬ್ಬನೆಂಬ ಧೈರ್ಯ ಬರುತ್ತಿತ್ತು.

ಪರಸ್ಥಳದಲ್ಲಿ ಬಾಳುವೆ ನಡೆಸುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು, ಭಾನುವಾರ ಕನ್ನಡ ಸಂಘದ ಜಮಖಾನೆಯ ಮೇಲೆ ಕುಳಿತು ಊರ ಮಾತನ್ನು ಆಡಿದವರು, ಒಂದು ಸಂಸ್ಥೆಯು ಮನುಷ್ಯನಿಗೆ ಮನೆಯಾಗುವ ಬಗೆಯನ್ನು ಬಲ್ಲರು. ವ್ಯತ್ಯಾಸವಿಷ್ಟೆ: ನಮಗೆ ರಜೆ ದೊರೆತರೆ ಊರಿಗೆ ಹೋಗುವ ದಾರಿ ತೆರೆದಿದೆ. ಅವರಿಗೆ ಆ ದಾರಿಯೂ ಮುಚ್ಚಿಹೋಗಿತ್ತು.

ಬೆಂಗಳೂರಿನ ಕೊಡುಗೆ

ಪೂರ್ವ ಬಂಗಾಳಿಗಳ ಈ ಕ್ಲಬ್ಬಿಗೆ ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ಅಪಾರ ಕೀರ್ತಿಯನ್ನು ತಂದುಕೊಟ್ಟವರು ಬಂಗಾಳಿಗಳಲ್ಲ, ದಕ್ಷಿಣ ದೇಶದವರು ಎಂಬುದು ಸ್ವಾರಸ್ಯದ ಸಂಗತಿ. ಅಪ್ಪಾ ರಾವ್, ಧನರಾಜ್, ಸಾಲೆ, ಅಹಮದ್ ಖಾನ್, ವೆಂಕಟೇಶ್ — ಮುಂಪಂಕ್ತಿಯ ಈ ಐವರನ್ನು ಜನರು ‘ಪಂಚಪಾಂಡವ’ರೆಂದು ಕರೆದರು. 1949, 1950, 1951ರಲ್ಲಿ ಕ್ಲಬ್ಬು ಸತತವಾಗಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು, 1949ರಲ್ಲಿ ಮುಂಬಯಿಗೆ ಬಂದು ರೋವರ್ಸ್ ಕಪ್ಪನ್ನೂ ಕೊಂಡೊಯ್ದಿತು.

ಈ ಐವರಲ್ಲಿ ಅಹಮದ್ ಖಾನರು ನಮ್ಮ ಬೆಂಗಳೂರಿನವರು. ಬರಿಗಾಲಿನಲ್ಲಿ ಚೆಂಡನ್ನು ಪಳಗಿಸಿ ಆಡಿಸುತ್ತಿದ್ದ ಅವರ ಚಾತುರ್ಯವನ್ನು ಕಂಡು ಹಾವಾಡಿಗನೆಂದೇ ಅವರನ್ನು ಬಣ್ಣಿಸುತ್ತಿದ್ದರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಅವರು ಭಾರತದ ಪರವಾಗಿ ಆಡಿದರು. 2017ರಲ್ಲಿ ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಬೆಂಗಳೂರಿನ ಮುಸಲ್ಮಾನನೊಬ್ಬನನ್ನು ಢಾಕಾ, ಬಾರಿಸಾಲಗಳಿಂದ ಓಡಿ ಬಂದ ಹಿಂದೂ ನಿರಾಶ್ರಿತರು ತಮ್ಮವನೆಂದು ಎದೆಗಪ್ಪಿಕೊಂಡರು. ಕ್ಲಬ್ಬು ತಮ್ಮದು, ಅದಕ್ಕಾಗಿ ಆಡುವವನೂ ತಮ್ಮವನು — ಅಭಿಮಾನಿಯ ತರ್ಕ ಇಷ್ಟು ಸರಳವಾದುದು.

ಆ ಬಳಿಕವೂ ಸಂತೋಷದ ದಿನಗಳಿಗೆ ಕೊರತೆಯಿರಲಿಲ್ಲ. 1975ರ ಶೀಲ್ಡ್ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ವಿರುದ್ಧ ಐದು ಗೋಲುಗಳ ಗೆಲುವು ದೊರೆಯಿತು. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಪ್ರೇಕ್ಷಕರ ಎದುರಿನಲ್ಲಿ ಭೈಚುಂಗ್ ಭುಟಿಯಾ ಮೂರು ಗೋಲುಗಳನ್ನು ಹೊಡೆದರು. 2003ರ ಜುಲೈ 26ರಂದು ಜಕಾರ್ತಾದಲ್ಲಿ ಆಗ್ನೇಯ ಏಷ್ಯದ ಕ್ಲಬ್ಬುಗಳ ಪಂದ್ಯಾವಳಿಯನ್ನೇ ತಂಡವು ಗೆದ್ದಿತು. 2003–04ರಲ್ಲಿ ರಾಷ್ಟ್ರೀಯ ಲೀಗ್ ಪ್ರಶಸ್ತಿಯೂ ಬಂದಿತು. ಅಲ್ಲಿಂದ ಮುಂದೆ ಎರಡು ದಶಕಗಳು ಉರುಳಿದರೂ ದೇಶದ ಲೀಗ್ ಪ್ರಶಸ್ತಿ ಆ ಅಂಗಳವನ್ನು ಮತ್ತೆ ತುಳಿಯಲಿಲ್ಲ.

ಕಾಗದ ಪತ್ರಗಳ ಕಾಲ

ಈ ನಡುವೆ ಆಟದ ಸ್ವರೂಪವೇ ಮಾರ್ಪಟ್ಟಿತು. ಹಿಂದೆ ಸದಸ್ಯರ ಚಂದಾ, ಟಿಕೆಟ್ಟಿನ ಹಣ, ಶ್ರೀಮಂತ ಪೋಷಕರ ಔದಾರ್ಯ, ಇವುಗಳಿಂದ ಕ್ಲಬ್ಬು ನಡೆಯುತ್ತಿತ್ತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದ ಮೇಲೆ ಕೋಟಿಗಟ್ಟಲೆ ಬಂಡವಾಳವಿಲ್ಲದೆ ದೊಡ್ಡ ತಂಡವನ್ನು ಕಟ್ಟುವುದು ಅಸಾಧ್ಯವಾಯಿತು. ಈಸ್ಟ್ ಬೆಂಗಾಲ್ 2018ರಲ್ಲಿ ಬೆಂಗಳೂರಿನ ಕ್ವೆಸ್ ಸಂಸ್ಥೆಯ ಕೈ ಹಿಡಿಯಿತು. ಆ ಋತುವಿನಲ್ಲಿ ಐ-ಲೀಗ್ ಪ್ರಶಸ್ತಿ ಒಂದೇ ಒಂದು ಅಂಕದಿಂದ ಕೈತಪ್ಪಿತು. 2020ರಲ್ಲಿ ಆ ನಂಟು ಮುರಿಯಿತು. ಸಿಮೆಂಟ್ ಉದ್ಯಮದ ಸಂಸ್ಥೆಯೊಂದು ಬಂದಿತು. 2022ರಲ್ಲಿ ಅದೂ ಹೊರಟುಹೋಗಿ ಮೂರನೆಯ ಸಂಸ್ಥೆಯ ಸರದಿಯಾಯಿತು. ಐದು ವರ್ಷ ತುಂಬುವ ಮೊದಲೇ ಮೂವರು ಯಜಮಾನರು!

ಇವುಗಳಲ್ಲಿ ಎರಡನೆಯ ನಂಟು ಅತ್ಯಂತ ಕಹಿಯಾದುದು. ಪ್ರಾಥಮಿಕ ಕರಾರಿಗೆ ಸಹಿಯಾಗಿತ್ತು. ಅಂತಿಮ ಒಪ್ಪಂದಕ್ಕೆ ಸಹಿ ಹಾಕಲು ಕ್ಲಬ್ಬಿನ ಪದಾಧಿಕಾರಿಗಳು ಒಪ್ಪಲಿಲ್ಲ. ಸಹಿ ಹಾಕಿದರೆ ಸದಸ್ಯರ ಹಕ್ಕುಗಳು ಶಾಶ್ವತವಾಗಿ ಕೈಬಿಟ್ಟುಹೋಗುವುವೆಂದು ಅವರ ವಾದ. ಸಹಿಯಿಲ್ಲದೆ ಹಣ ಹೂಡಲು ಬಾರದೆಂದು ಸಂಸ್ಥೆಯ ವಾದ. ಎರಡು ವಾದಗಳಲ್ಲಿಯೂ ಹುರುಳಿಲ್ಲದೆ ಇಲ್ಲ. ಆದರೆ ವಾದ ನಡೆಯುತ್ತಿದ್ದಂತೆ ತಿಂಗಳುಗಳು ಸರಿದವು. ಇತರ ತಂಡಗಳು ಒಳ್ಳೆಯ ಆಟಗಾರರನ್ನು ಆರಿಸಿಕೊಂಡವು. ಈಸ್ಟ್ ಬೆಂಗಾಲಿಗೆ ತಂಡವೇ ಇರಲಿಲ್ಲ.

2021ರ ಜುಲೈ 21ರಂದು ಅಭಿಮಾನಿಗಳು ಮೈದಾನದ ಬದಿಯ ಕ್ಲಬ್ಬಿನ ಬಾಗಿಲಿಗೆ ಬಂದರು. ಸಹಿ ಹಾಕಿರಿ ಇಲ್ಲವೆ ಕುರ್ಚಿ ಬಿಡಿರಿ ಎಂದು ಒಂದು ಗುಂಪು ಕೂಗಿತು. ಪದಾಧಿಕಾರಿಗಳ ಪರವಾಗಿ ಇನ್ನೊಂದು ಗುಂಪು ಎದುರು ನಿಂತಿತು. ಒಂದೇ ಬಣ್ಣದ ಅಂಗಿ ತೊಟ್ಟವರು ಪರಸ್ಪರ ಕೈಮಾಡಿದರು. ಪೊಲೀಸರು ಲಾಠಿ ಪ್ರಹಾರ ಮಾಡಿದರು. ತಾತ ಮುತ್ತಾತಂದಿರು ಆಶ್ರಯವೆಂದು ನಂಬಿದ ಬಾಗಿಲಿನ ಎದುರಿನಲ್ಲಿಯೇ ಮೊಮ್ಮಕ್ಕಳು ಪೆಟ್ಟು ತಿಂದರು.

ಮುಖ್ಯಮಂತ್ರಿಗಳ ಮಧ್ಯಸ್ಥಿಕೆಯಿಂದ ಆಗಸ್ಟ್ ಕೊನೆಯಲ್ಲಿ ತಾತ್ಕಾಲಿಕ ಪರಿಹಾರವೇನೋ ದೊರೆಯಿತು. ಅವಸರದಲ್ಲಿ ಕಟ್ಟಿದ ತಂಡವು 2021–22ರಲ್ಲಿ ಇಪ್ಪತ್ತು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು ಹನ್ನೊಂದು ತಂಡಗಳಲ್ಲಿ ಹನ್ನೊಂದನೆಯದಾಯಿತು. ಮಹಾಮಾರಿಯ ನಿಮಿತ್ತ ಪಂದ್ಯಗಳೆಲ್ಲ ಪ್ರೇಕ್ಷಕರಿಲ್ಲದ ಗೋವೆಯ ಅಂಗಳಗಳಲ್ಲಿ ನಡೆದುದರಿಂದ, ಗ್ಯಾಲರಿಯಲ್ಲಿ ಕುಳಿತು ಬೈಯುವ ಸಮಾಧಾನವೂ ಅಭಿಮಾನಿಗೆ ದೊರೆಯಲಿಲ್ಲ.

ಒಂದು ರಾತ್ರಿಯ ಬೆಳಕು

ಸೂಪರ್ ಲೀಗಿನ ಮೊದಲ ಐದು ಋತುಗಳಲ್ಲಿ ಈಸ್ಟ್ ಬೆಂಗಾಲ್ ಪಡೆದ ಸ್ಥಾನಗಳನ್ನು ಸಾಲಾಗಿ ಬರೆದರೆ ಹೀಗಾಗುತ್ತದೆ: ಒಂಬತ್ತು, ಹನ್ನೊಂದು, ಒಂಬತ್ತು, ಒಂಬತ್ತು, ಒಂಬತ್ತು. ಶಿಕ್ಷಕರು ಬಂದರು, ಹೋದರು. ಲಿವರ್‌ಪೂಲಿನ ಹೆಸರಾಂತ ಆಟಗಾರ ರಾಬಿ ಫೌಲರ್ ಬಂದರು. ಭಾರತ ತಂಡಕ್ಕೆ ತರಬೇತಿ ಕೊಟ್ಟಿದ್ದ ಸ್ಟೀಫನ್ ಕಾನ್‌ಸ್ಟಂಟೈನ್ ಬಂದರು. 2018–19ರಲ್ಲಿ ಬೆಂಗಳೂರು ಎಫ್.ಸಿ.ಗೆ ಪ್ರಶಸ್ತಿ ಗೆದ್ದುಕೊಟ್ಟಿದ್ದ ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್ ಬಂದರು. ಅಡಿಗೆಯವನನ್ನು ವರ್ಷಕ್ಕೊಮ್ಮೆ ಬದಲಿಸುವ ಹೋಟೆಲಿನಲ್ಲಿ ಸಾಂಬಾರಿಗೆ ಒಂದು ರುಚಿ ನಿಲ್ಲದೆಂಬುದನ್ನು ನಮ್ಮವರು ಬಲ್ಲರಷ್ಟೆ.

ಕ್ವಾದ್ರಾತರ ಕಾಲದಲ್ಲಿ ಬೆಳಕೊಂದು ಮೂಡಿತು. 2023ರ ಆಗಸ್ಟ್ 12ರಂದು ಡ್ಯುರಾಂಡ್ ಕಪ್ ಪಂದ್ಯದಲ್ಲಿ ಮೋಹನ್ ಬಾಗಾನ್ ಸೋತಿತು. 2024ರ ಜನವರಿ 28ರಂದು ಭುವನೇಶ್ವರದಲ್ಲಿ, ಹೆಚ್ಚುವರಿ ಅವಧಿಯವರೆಗೆ ಸಾಗಿದ ಅಂತಿಮ ಪಂದ್ಯದಲ್ಲಿ, ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಈಸ್ಟ್ ಬೆಂಗಾಲ್ ಸೂಪರ್ ಕಪ್ಪನ್ನು ಎತ್ತಿಕೊಂಡಿತು. ಹನ್ನೆರಡು ವರ್ಷಗಳ ತರುವಾಯ ಬಂದ ರಾಷ್ಟ್ರಮಟ್ಟದ ಪ್ರಶಸ್ತಿಯದು. ಇನ್ನು ತಮಗೆ ಆಸೆಯಿಲ್ಲವೆಂದು ಆಣೆಯಿಟ್ಟು ಹೇಳಿದ್ದವರೇ ತಂಡವನ್ನು ಎದುರುಗೊಳ್ಳಲು ವಿಮಾನ ನಿಲ್ದಾಣಕ್ಕೆ ಮೊದಲು ಓಡಿದವರಿರಬೇಕು.

ಆ ಸಂತೋಷ ಬಹುಕಾಲ ಬಾಳಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸೋಲಿನಿಂದ ಆರಂಭವಾದ ಹೊಸ ಋತುವಿನಲ್ಲಿ ತಂಡವು ಲೀಗಿನ ಮೊದಲ ಆರು ಪಂದ್ಯಗಳನ್ನೂ ಸೋತಿತು. ಕ್ವಾದ್ರಾತರು ನಡುವೆಯೇ ರಾಜೀನಾಮೆಯಿತ್ತು ಹೊರಟರು.

ಯಾರ ಕ್ಲಬ್ಬು?

ಹಾಗಿದ್ದರೆ ಈ ಜನರು ಬೇಸತ್ತು ಬೇರೊಂದು ತಂಡವನ್ನು ಏಕೆ ಆರಿಸಿಕೊಳ್ಳಬಾರದು? ಪೇಟೆಯಲ್ಲಿ ಒಂದು ಅಂಗಡಿಯ ಸರಕು ಕೆಟ್ಟರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುವನು. ಅಭಿಮಾನಿಗೆ ಆ ಸ್ವಾತಂತ್ರ್ಯವಿಲ್ಲ. ತಂದೆಯಿಂದ ಬಂದ ಮನೆತನದ ಹೆಸರನ್ನು ಯಾರು ಬದಲಿಸಿಯಾರು? ಬಂಡವಾಳ ಹೂಡಿದವನು ನಷ್ಟವೆಂದು ಕಂಡರೆ ಕೈ ತೊಳೆದುಕೊಂಡು ಹೊರಡಬಹುದು. ಪದಾಧಿಕಾರಿಯ ಅವಧಿ ಒಂದು ದಿನ ಮುಗಿಯುವುದು. ಆಟಗಾರನು ಹೆಚ್ಚಿನ ಸಂಬಳವಿರುವಲ್ಲಿಗೆ ಹೋಗುವನು. ಎಲ್ಲಿಗೂ ಹೋಗಲಾರದೆ ಉಳಿಯುವವನು ಅಭಿಮಾನಿಯೊಬ್ಬನೇ. ಆದರೆ ಒಪ್ಪಂದದ ಯಾವ ಪುಟದಲ್ಲಿಯೂ ಅವನ ಸಹಿಗೆ ಸ್ಥಳವಿಲ್ಲ. ಸೋಲಿಗಿಂತ ಬೇರೆಯಾದ ನೋವು ಎಂದು ಆರಂಭದಲ್ಲಿ ಹೇಳಿದುದು ಇದನ್ನೇ.

ನಮ್ಮ ಸಂಘ ಸಂಸ್ಥೆಗಳಲ್ಲಿಯೂ ಹಿರಿಯರು ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಕಟ್ಟಡಗಳಿವೆ, ಅವುಗಳ ಆಡಳಿತದ ಬಗೆಗೆ ಸಭೆಗಳಲ್ಲಿ ಎದ್ದು ನಿಂತು ಜಗಳವಾಡುವವರೂ ಇದ್ದಾರೆ. ಅಂತಹವರನ್ನು ಕಂಡು ಮುಖ ಸಿಂಡರಿಸುವವರು ಜುಲೈ 21ರ ಆ ಗುಂಪನ್ನು ಒಮ್ಮೆ ನೆನೆಯಬೇಕು. ಸಂಸ್ಥೆಯು ತನ್ನದಲ್ಲವೆಂದು ತಿಳಿದವನು ಜಗಳವಾಡುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾನೆ. ಈಸ್ಟ್ ಬೆಂಗಾಲಿನ ಬಾಗಿಲಲ್ಲಿ ಲಾಠಿ ಏಟು ತಿಂದವರು ಎದ್ದು ಹೋಗಲಿಲ್ಲ. ಮುಂದಿನ ಪಂದ್ಯಾವಳಿಯ ಟಿಕೆಟ್ಟುಗಳು ಮಾರಾಟಕ್ಕೆ ಬಂದಾಗ, ಕೆಂಪು ಹೊನ್ನಿನ ಅದೇ ಅಂಗಿಯನ್ನು ತೊಟ್ಟು ಅವರು ಪುನಃ ಸಾಲಿನಲ್ಲಿ ನಿಂತಿದ್ದರು.