ಸಣ್ಣಕ್ಷರದ ಪರೀಕ್ಷೆ

ಇಂಗ್ಲಿಷ್ ಅಕ್ಷರಗಳಿಗೆ ದೊಡ್ಡದು, ಸಣ್ಣದು ಎಂಬ ಎರಡು ರೂಪಗಳುಂಟು. ಹಿಂದೆ ಅಚ್ಚುಕೂಟಗಳಲ್ಲಿ ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲಿಯೂ ಸಣ್ಣವನ್ನು ಕೆಳಗಿನ ಪೆಟ್ಟಿಗೆಯಲ್ಲಿಯೂ ಇಡುತ್ತಿದ್ದರು. ಸಣ್ಣಕ್ಷರಕ್ಕೆ ‘ಲೋವರ್ ಕೇಸ್’ ಎಂಬ ಹೆಸರು ಬಂದುದು ಅದರಿಂದಲೇ. ನಮ್ಮ ಕನ್ನಡಕ್ಕೆ ಈ ಭೇದವಿಲ್ಲ. ಅಕ್ಷರವೊಂದು ಸಣ್ಣದೇ ಎಂಬುದನ್ನು ಗಣಕಯಂತ್ರವು ತಿಳಿಯುವ ಬಗೆಯನ್ನು ಇಲ್ಲಿ ವಿವರಿಸಿ, ಅದೇ ಪರೀಕ್ಷೆಗೆ ನಮ್ಮೂರಿನ ಹೆಸರನ್ನು ಒಡ್ಡಿ ನೋಡುತ್ತೇನೆ.

1972ರ ಸುಮಾರಿಗೆ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ರೂಪಿಸಿದ ‘ಸಿ’ ಭಾಷೆಗೆ ಅಕ್ಷರವೆಂದರೆ ಒಂದು ಸಂಖ್ಯೆ. ಆಸ್ಕಿ ಪದ್ಧತಿಯಲ್ಲಿ ದೊಡ್ಡಕ್ಷರಗಳಿಗೆ 65ರಿಂದ 90, ಸಣ್ಣವುಗಳಿಗೆ 97ರಿಂದ 122. ಸಂಖ್ಯೆಯು 97ಕ್ಕೆ ಕಡಿಮೆಯಾಗದೆ 122ನ್ನು ಮೀರದೆ ಇದ್ದರೆ ಅದು ಸಣ್ಣಕ್ಷರ. ಆದರೆ ಐ.ಬಿ.ಎಂ. ಯಂತ್ರಗಳ ಎಬ್ಸಿಡಿಕ್ ಪದ್ಧತಿಯಲ್ಲಿ ಈ ಸಾಲು ‘ಐ’ ಆದ ಮೇಲೊಮ್ಮೆ, ‘ಆರ್’ ಆದ ಮೇಲೊಮ್ಮೆ ಕಡಿಯುತ್ತದೆ. ನಡುವಿನ ಸಂಖ್ಯೆಗಳು ಸಣ್ಣಕ್ಷರಗಳಲ್ಲ. ಈ ತೊಡಕು ನಮ್ಮನ್ನು ತಟ್ಟದಂತೆ ‘ಸಿ’ಯ ಭಂಡಾರದಲ್ಲಿ ‘ಇಸ್‌ಲೋವರ್’ ಎಂಬ ಸಿದ್ಧ ಸಾಧನವಿದೆ. ಸಣ್ಣಕ್ಷರವಲ್ಲದಿದ್ದರೆ ಅದು ಸೊನ್ನೆಯನ್ನು ಕೊಡುತ್ತದೆ. ಹೌದಾದರೆ ಸೊನ್ನೆಯಲ್ಲದ ಯಾವುದಾದರೊಂದು ಸಂಖ್ಯೆಯನ್ನು. ಅದು 1 ಆಗಿಯೇ ಇರಬೇಕೆಂಬ ನಿಯಮವಿಲ್ಲವಾದ್ದರಿಂದ ಉತ್ತರವನ್ನು 1ರೊಡನೆ ಹೋಲಿಸಬಾರದು.

ಈಗ ಕೃಷ್ಣಾತೀರದ ಅಂಕಲಿಗೆ ಬರೋಣ. ಕಣ್ಣಿಗೆ ಇದು ಮೂರಕ್ಷರದ ಹೆಸರು. ಯುನಿಕೋಡಿನಲ್ಲಿ ಅ, ಸೊನ್ನೆ, ಕ, ಲ, ಗುಡಿಸು ಎಂದು ಐದು ಸಂಕೇತಗಳು, ಯು.ಟಿ.ಎಫ್.-8 ಕ್ರಮದಲ್ಲಿ ಒಂದೊಂದಕ್ಕೆ 3ರಂತೆ 15 ಬೈಟುಗಳು. ಇವೆಲ್ಲವೂ 127ನ್ನು ಮೀರಿದ ಬೆಲೆಯವು. ಹಲವು ಯಂತ್ರಗಳಲ್ಲಿ ‘ಚಾರ್’ ಎಂಬ ಜಾತಿಯು ಇವನ್ನು ಋಣಸಂಖ್ಯೆಗಳೆಂದು ಓದುತ್ತದೆ. ಋಣಸಂಖ್ಯೆಯನ್ನು ಹಾಗೆಯೇ ಇಸ್‌ಲೋವರ್‌ಗೆ ಒಪ್ಪಿಸಿದರೆ ಏನಾಗುವುದೆಂಬುದಕ್ಕೆ ಭಾಷೆಯ ನಿಯಮದಲ್ಲಿ ಹೊಣೆಯಿಲ್ಲ. ಆದುದರಿಂದ ಮೊದಲು ‘ಅನ್‌ಸೈನ್ಡ್ ಚಾರ್’ ಆಗಿ ಮಾರ್ಪಡಿಸಿ, ಬಳಿಕ ಕೇಳಬೇಕು. ಕಾರ್ಯಕ್ರಮವು ಮೊದಲಾಗುವಾಗ ಇರುವ ‘ಸಿ’ ಪರಿಸರದಲ್ಲಿ 15 ಬೈಟುಗಳಿಗೂ ದೊರೆಯುವ ಉತ್ತರ ಸೊನ್ನೆ. ದೊಡ್ಡಕ್ಷರವೇ ಎಂದು ‘ಇಸ್‌ಅಪ್ಪರ್’ ಅನ್ನು ಕೇಳಿದರೂ ಸೊನ್ನೆಯೇ.

ನಾವು ಗಮನಿಸಬೇಕಾದ ಮಾತು ಇಲ್ಲಿದೆ. ‘ಸಣ್ಣದಲ್ಲವಾದರೆ ದೊಡ್ಡದು’ ಎಂದು ಬಗೆದು, ದೊಡ್ಡದನ್ನು ಸಣ್ಣದಾಗಿಸಲು 32ನ್ನು ಕೂಡಿಸುವವನ ಕೈಯಲ್ಲಿ ಅಂಕಲಿ ಎಂಬ ಹೆಸರೇ ಕೆಟ್ಟುಹೋಗುತ್ತದೆ. ಹೆಸರಿನಲ್ಲಿ ಈ ಎರಡು ಬಗೆಯ ಅಕ್ಷರಗಳಷ್ಟೇ ಇರಬೇಕೆಂದು ವಿಧಿಸಿದರೆ ಕನ್ನಡದಲ್ಲಿ ಬರೆದ ಅರ್ಜಿಯು ಬಾಗಿಲಲ್ಲೇ ತಿರಸ್ಕೃತವಾಗುತ್ತದೆ. ಯಂತ್ರವು ತಾನಾಗಿ ಯಾವ ನುಡಿಯನ್ನೂ ಹೊರಗಿಡುವುದಿಲ್ಲ; ಪ್ರಶ್ನೆಯನ್ನು ಬರೆದವನು ಯಾವ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಅವಕ್ಕೆ ಮಾತ್ರ ಅದು ಸರಿಯಾಗಿ ಉತ್ತರಿಸುತ್ತದೆ. ಆ ಪ್ರಶ್ನೆಗಳನ್ನು ಬರೆಯುವವರಲ್ಲಿ ಕನ್ನಡ ಬಲ್ಲ ನಾವೂ ಇರಬೇಕಾದುದು ಇದಕ್ಕಾಗಿಯೇ.